ಚಿತ್ರ ಉಳಿಯಿತು, ಎಚ್ಚರಿಕೆ ಮರೆಯಾಯಿತು

ಸಾಫ್ಟ್‌ವೇರ್ ಕಟ್ಟುವ ಪದ್ಧತಿಗಳಲ್ಲಿ ಯಾವುದು ಮೇಲು ಎಂಬ ವಾದ ಇಂದಿನದಲ್ಲ. ವಾಟರ್‌ಫಾಲ್ ಮಾದರಿಯಲ್ಲಿ ಮೊದಲು ಅಗತ್ಯಗಳ ಪಟ್ಟಿ, ಆಮೇಲೆ ವಿನ್ಯಾಸ, ಕೋಡಿಂಗ್, ಕೊನೆಗೆ ಟೆಸ್ಟಿಂಗ್. ಇದರ ಮೂಲವೆಂದು ಎಲ್ಲರೂ ಬೊಟ್ಟುಮಾಡುವುದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು. ಆದರೆ ಆ ಮೆಟ್ಟಿಲುಗಳ ಚಿತ್ರ ಬರೆದ ರಾಯ್ಸ್, ಅದನ್ನು ಹಾಗೆಯೇ ಅನುಸರಿಸಿದರೆ ಸೋಲನ್ನು ಕರೆದುಕೊಂಡಂತೆ ಎಂದು ಅಲ್ಲೇ ಎಚ್ಚರಿಸಿದ್ದರು. ಕೊನೆಯ ಟೆಸ್ಟಿಂಗ್‌ನಲ್ಲಿ ಸಿಕ್ಕ ತಪ್ಪು ಇಡೀ ವಿನ್ಯಾಸವನ್ನೇ ಬುಡಮೇಲು ಮಾಡಬಹುದು ಎಂಬುದು ಅವರ ಆತಂಕ. ಚಿತ್ರ ಊರೂರು ತಿರುಗಿತು; ಎಚ್ಚರಿಕೆ ಪ್ರಬಂಧದಲ್ಲೇ ಉಳಿಯಿತು. ಪ್ರಶ್ನಿಸದೆ ಒಪ್ಪಿಕೊಂಡ ಯಾವ ಶಾಸ್ತ್ರದ ಗತಿಯೂ ಇದೇ.

1986ರಲ್ಲಿ ಬ್ಯಾರಿ ಬೋಮ್ ಮುಂದಿಟ್ಟ ಸ್ಪೈರಲ್ ಮಾದರಿ, ಪ್ರತಿ ಸುತ್ತಿನಲ್ಲೂ ಅಪಾಯವನ್ನು ತೂಗಿ ನೋಡಲು ಹೇಳಿತು. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ ಅಜೈಲ್ ಪ್ರಣಾಳಿಕೆ ಬರೆದರು: ಬಳಸುವವರ ಜೊತೆ ಮಾತಾಡುತ್ತ, ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟಿ, ಬದಲಾವಣೆಯನ್ನು ಸ್ವಾಗತಿಸಬೇಕೆಂದರು. ಅದೂ ಇಂದು ಎಷ್ಟೋ ಕಡೆ ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನ ನಿತ್ಯಕರ್ಮವಾಗಿದೆ. ಹಳೆಯ ಮಡಿ ಹೋಗಿ ಹೊಸ ಮಡಿ ಬಂದಿದೆ.

ಪದ್ಧತಿಯ ಈ ಪ್ರಶ್ನೆ ಬರೀ ಆಫೀಸಿನ ವಿಚಾರವಲ್ಲ. ಥೆರಾಕ್-25 ಎಂಬ ಕ್ಯಾನ್ಸರ್ ವಿಕಿರಣ ಯಂತ್ರ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಹಳೆಯ ಯಂತ್ರಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು, ಎಲ್ಲವನ್ನೂ ಸಾಫ್ಟ್‌ವೇರ್ ಮೇಲೆ ಬಿಟ್ಟಿದ್ದರು. ಅತಿಪ್ರಮಾಣ ಸಾಧ್ಯವೇ ಇಲ್ಲ ಎಂಬುದು ದೂರುಗಳಿಗೆ ತಯಾರಕರ ಉತ್ತರವಾಗಿತ್ತು. ಟೆಕ್ಸಾಸಿನ ಒಂದು ಆಸ್ಪತ್ರೆಯಲ್ಲಿ ಪರದೆಯ ಮೇಲೆ 'ಮಾಲ್‌ಫಂಕ್ಷನ್ 54' ಎಂದಷ್ಟೇ ಬರುತ್ತಿತ್ತು. ಅಲ್ಲಿನ ಭೌತವಿಜ್ಞಾನಿ ಮತ್ತು ಆಪರೇಟರ್ ಅದೇ ಕೀಲಿಗಳನ್ನು ಮತ್ತೆ ಮತ್ತೆ ಒತ್ತಿ ನೋಡಿ ಕಾರಣ ಹಿಡಿದರು: ಎಕ್ಸ್-ರೇ ಎಂದು ತಪ್ಪಾಗಿ ಒತ್ತಿದ್ದನ್ನು ಎಂಟು ಸೆಕೆಂಡಿನೊಳಗೆ ತಿದ್ದಿದರೆ, ಪರದೆ ಬದಲಾಗುತ್ತಿತ್ತು, ಯಂತ್ರದ ಒಳಗಿನ ಸಿದ್ಧತೆ ಬದಲಾಗುತ್ತಿರಲಿಲ್ಲ.

ಯಂತ್ರದ ಮುಂದೆ ಕೂತವರ ಮಾತು ಅದನ್ನು ಕಟ್ಟಿದವರಿಗೆ ಎಷ್ಟು ಬೇಗ ತಲುಪುತ್ತದೆ, ತಲುಪಿದ ಮೇಲೆ ಅವರು ತಮ್ಮ ನಂಬಿಕೆಯನ್ನು ಬಿಡಲು ಸಿದ್ಧರಿದ್ದಾರೆಯೇ ಎಂಬುದೇ ಪದ್ಧತಿಗಳನ್ನು ಅಳೆಯುವ ಸರಿಯಾದ ಅಳತೆ. ಜೀವಕ್ಕೆ ಸಂಬಂಧಪಟ್ಟಲ್ಲಿ ಹಂತಹಂತದ ಲಿಖಿತ ಪರೀಕ್ಷೆ ಬೇಕೇ ಬೇಕು. ಅಗತ್ಯಗಳು ಬದಲಾಗುವಲ್ಲಿ ಕಂತಿನ ಕೆಲಸವೇ ಸರಿ. ಎರಡರಲ್ಲೂ ನಾವು ತಪ್ಪಿರಬಹುದು ಎಂಬ ವಿನಯ ಇರಲೇಬೇಕು. ನಿಮ್ಮ ತಂಡದ ಅತ್ಯಂತ ಕಿರಿಯ ಟೆಸ್ಟರ್ 'ಇದು ಸರಿಯಿಲ್ಲ' ಎಂದರೆ ಕೆಲಸ ನಿಲ್ಲಿಸಿ ಕೇಳಿ. ಹಾಗೆ ಕೇಳಿಸಿಕೊಳ್ಳಲಾರದ ಮಾದರಿಗೆ ಹೆಸರು ಯಾವುದಿದ್ದರೂ ಅದು ಅಪಾಯಕಾರಿಯೇ.