ಓದುವವನಾರು?

ಪಠನವೆಂಬುದು ಕಣ್ಣಿನ ವ್ಯಾಪಾರವೋ ಕಿವಿಯ ವ್ಯಾಪಾರವೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ತಾರ್ಕಿಕರ ವಿನೋದದಂತೆ ತೋರಬಹುದು. ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಇಂಥ ಸಂದೇಹವೇ ಹುಟ್ಟುತ್ತಿರಲಿಲ್ಲ. ಗುರುಗಳು ಒಮ್ಮೆ ಹೇಳುವರು, ಶಿಷ್ಯರು ಎರಡಾವರ್ತಿ ಹೇಳುವರು. ಪುಸ್ತಕವು ಮರೆವಿಗೆ ಔಷಧವೆಂಬಂತೆ ಒಂದು ಮೂಲೆಯಲ್ಲಿರುವುದು. ಆದರೆ ಈಚೆಗೆ ಈ ಪ್ರಶ್ನೆಯು ಕೆಲವರ ಬಾಳಿಗೆ ನೇರವಾಗಿ ಸಂಬಂಧಪಟ್ಟುದಾಗಿ ಪರಿಣಮಿಸಿರುವುದರಿಂದ, ಅದನ್ನು ವಾಚಕ ಮಹಾಶಯರ ಮುಂದಿಡಲು ಮನಸ್ಸಾಯಿತು.

ದೃಷ್ಟಿಯಿಲ್ಲದವರು ಗಣಕಯಂತ್ರದಲ್ಲಿಯೂ ಕೈಫೋನಿನಲ್ಲಿಯೂ ಇರುವ ಬರಹವನ್ನು ಧ್ವನಿಯಾಗಿ ಮಾರ್ಪಡಿಸಿಕೊಂಡು ತಿಳಿಯುವುದಕ್ಕೆ ‘ಸ್ಕ್ರೀನ್ ರೀಡರ್’ ಎಂಬ ಸಾಧನವುಂಟು, ಕನ್ನಡದಲ್ಲಿ ತೆರೆವಾಚಕವೆನ್ನಬಹುದು. ಇವುಗಳಲ್ಲಿ ‘ಎನ್‌ವಿಡಿಎ’ ಎಂಬುದನ್ನು ಆಸ್ಟ್ರೇಲಿಯಾ ದೇಶದ ಮೈಕೆಲ್ ಕರನ್ ಎಂಬವರು 2006ರಲ್ಲಿ ಆರಂಭಿಸಿದರು. ಜೇಮ್ಸ್ ಟೆ ಎಂಬವರು ಅವರೊಡನೆ ಸೇರಿ ಬೆಳೆಸಿದರು. ಇಬ್ಬರೂ ದೃಷ್ಟಿಯಿಲ್ಲದವರು, ಸಾಧನವನ್ನು ಬೆಲೆಯಿಲ್ಲದೆ ಲೋಕಕ್ಕೆ ಕೊಟ್ಟವರು. ನಮ್ಮ ಕೃಷ್ಣರಾಜಪುರದ ಬೀದಿಯಲ್ಲಿಯೇ ಒಬ್ಬ ತರುಣನು ಇದನ್ನು ಬಳಸುವುದನ್ನು ನಾನು ಹಲವು ಸಂಜೆ ಪಕ್ಕದಲ್ಲಿ ಕುಳಿತು ನೋಡಿರುವೆನು. ರೂಢಿಯುಳ್ಳವರು ಸಾಮಾನ್ಯ ಮಾತಿನ ಎರಡು ಮೂರು ಪಟ್ಟು ವೇಗದಲ್ಲಿ ಧ್ವನಿಯನ್ನು ಓಡಿಸುವರು. ನನ್ನ ಕಿವಿಗೆ ಅದು ಹುರಿದ ಕಡಲೆಯನ್ನು ತಗಡಿನ ಮೇಲೆ ಸುರಿದಂತೆ ಕೇಳಿಸಿತೇ ಹೊರತು ಒಂದು ಪದವೂ ತಿಳಿಯಲಿಲ್ಲ. ಅವನಿಗೋ ಪುಟವೆಲ್ಲ ಸ್ಪಷ್ಟ.

ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಆರು ಬಗೆಯಾಗಿ ಎಣಿಸುತ್ತದೆ: ರಾಗವೆಳೆದು ಓದುವವನು, ಅವಸರಪಡುವವನು, ತಲೆಯಲುಗಿಸುವವನು, ಬರೆದುದನ್ನು ನೋಡಿಕೊಂಡು ಓದುವವನು, ಅರ್ಥವರಿಯದವನು, ಕುಗ್ಗಿದ ಕಂಠದವನು. ಈ ಪಟ್ಟಿಯನ್ನು ಹಿಡಿದು ತೆರೆವಾಚಕವನ್ನು ಪರೀಕ್ಷಿಸಿದರೆ ಅದು ಮೂರರಲ್ಲಿಯಾದರೂ ಸಿಕ್ಕಿಬೀಳುವುದು. ತಲೆಯಿಲ್ಲದಿರುವುದರಿಂದ ಶಿರಃಕಂಪವೊಂದು ತಪ್ಪಿತು! ಆದರೆ ಕಣ್ಣಿದ್ದು ಪುಸ್ತಕ ಹಿಡಿದು ಓದುವ ನಾವೂ ಅದೇ ಪಟ್ಟಿಯಲ್ಲಿ ನಾಲ್ಕನೆಯವರಾಗಿ ಕುಳಿತಿರುವೆವೆಂಬುದನ್ನು ಮರೆಯಲಾಗದು. ಲಿಪಿಯನ್ನು ನೋಡಿ ಓದುವುದೇ ನಿಜವಾದ ಓದು, ಕೇಳುವುದು ಅದರ ಬಡತಮ್ಮ ಎಂಬ ಈಗಿನ ಭಾವನೆಯು ನಮ್ಮ ಪೂರ್ವಿಕರಿಗೆ ವಿಚಿತ್ರವಾಗಿ ತೋರುತ್ತಿದ್ದಿತು. ಬಹಳ ಬಲ್ಲವನನ್ನು ‘ಬಹುಶ್ರುತ’ನೆಂದರೇ ಹೊರತು ಬಹುದೃಷ್ಟನೆಂದವರಿಲ್ಲ.

ಆದರೂ ಯಂತ್ರವು ಅರ್ಥವರಿಯದ ಪಾಠಕವೆಂಬುದು ದೋಷವಲ್ಲವೇ ಎಂದರೆ, ‘ವಾಚಕ’ವೆಂಬ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತಿದೆ ಎನ್ನಬೇಕಾಗುವುದು. ತಾಳೆಗರಿಗೂ ಅರ್ಥ ತಿಳಿಯದು. ಅದನ್ನು ಯಾರೂ ಅಧಮ ಪಾಠಕವೆಂದು ನಿಂದಿಸುವುದಿಲ್ಲ. ಆ ತರುಣನಿಗೆ ಈ ಧ್ವನಿಯು ಗರಿಯ ಸ್ಥಾನದಲ್ಲಿರುವುದೇ ಹೊರತು ಓದುವವನ ಸ್ಥಾನದಲ್ಲಿಲ್ಲ. ಓದುವವನು ಅವನೇ. ಇದನ್ನು ಒಪ್ಪದಿರುವವರು ಅವನ ಬೆರಳುಗಳನ್ನು ಗಮನಿಸಬೇಕು. ‘ಎಚ್’ ಎಂಬ ಕೀಲಿಯನ್ನೊತ್ತಿದರೆ ಮುಂದಿನ ಶೀರ್ಷಿಕೆ. ‘ಟಿ’ ಎಂದರೆ ಕೋಷ್ಟಕ. ಒಂದು, ಎರಡು, ಮೂರು ಎಂಬ ಅಂಕೆಗಳಿಂದ ಅಧ್ಯಾಯ, ಪ್ರಕರಣ, ಉಪಪ್ರಕರಣ. ಬಾಣದ ಕೀಲಿಗಳಿಂದ ಒಂದು ಸಾಲು ಹಿಂದಕ್ಕೆ, ಒಂದು ಪದ ಮುಂದಕ್ಕೆ, ಬೇಕಾದರೆ ಒಂದೊಂದೇ ಅಕ್ಷರ. ಬೇಡವಾದುದನ್ನು ಹಾರಿ, ಬೇಕಾದಲ್ಲಿ ನಿಂತು, ಸಂದೇಹ ಬಂದೆಡೆಗೆ ಮರಳಿ ಬರುವನು. ನಾವು ಕಣ್ಣಿನಿಂದ ಮಾಡುವುದೂ ಇದನ್ನೇ ಅಲ್ಲವೇ?

ಕೇಳುವುದಕ್ಕೂ ಕಿವಿಯಿಂದ ಓದುವುದಕ್ಕೂ ಇರುವ ಭೇದವು ಇಲ್ಲಿದೆ. ಧೃತರಾಷ್ಟ್ರನು ಒಂದು ಪ್ರಶ್ನೆಯನ್ನು ಕೇಳಿದನು. ಸಂಜಯನು ಗೀತೆಯನ್ನು ಹೇಳಿದನು. ಸಂಜಯನು ಹೇಳಿದ ಕ್ರಮವೇ ಕ್ರಮ; ನಿಂತಲ್ಲಿಯೇ ನಿಲುಗಡೆ. ಕುರುಡ ದೊರೆಯು ಶ್ರೋತೃವಾದನು, ಪಾಠಕನಾಗಲಿಲ್ಲ. ಇನ್ನೊಂದು ಉದಾಹರಣೆಯನ್ನು ನಮ್ಮ ಊರಿನಿಂದಲೇ ಕೊಡುವೆನು. 2023ರ ಅಕ್ಟೋಬರ್ 9ರಿಂದ ನಮ್ಮಲ್ಲಿಂದ ಹಲಸೂರಿಗೆ ಮೆಟ್ರೋ ರೈಲು ಎಡೆಬಿಡದೆ ಹೋಗುತ್ತಿದೆ. ಅದರೊಳಗೆ ಮುಂದಿನ ನಿಲ್ದಾಣದ ಹೆಸರನ್ನು ಧ್ವನಿಯೊಂದು ಹೇಳುವುದು. ಗದ್ದಲದಲ್ಲಿ ಕೇಳಿಸದೆಹೋದರೆ ಮತ್ತೊಮ್ಮೆ ಹೇಳೆಂದು ಅದನ್ನು ಕೇಳುವಂತಿಲ್ಲ. ಕಣ್ಣುಳ್ಳವನು ಕಿಟಕಿಯಾಚೆಯ ಫಲಕವನ್ನು ಓದಿಕೊಳ್ಳುವನು, ಇಲ್ಲದವನು ಪಕ್ಕದವರನ್ನು ಕೇಳುವನು. ಹೇಳಿದಷ್ಟನ್ನು ಕೇಳುವುದು ಶ್ರವಣ. ಹೇಳೆಂದು ಆಜ್ಞಾಪಿಸಿ, ನಿಲ್ಲಿಸಿ, ತಿರುಗಿ ಹೇಳಿಸುವುದು ಪಠನ. ಇಂದ್ರಿಯಭೇದದಿಂದ ಪಠನವು ಕೆಡುವುದಿಲ್ಲ. ಸ್ವಾತಂತ್ರ್ಯವು ಹೋದರೆ ಕೆಡುವುದು.

ಕಿವಿಯ ಗ್ರಂಥದಲ್ಲಿ ಸಂಚರಿಸುವ ಈ ವಿದ್ಯೆಯು ಪಾಶ್ಚಾತ್ಯರು ಹೊಸದಾಗಿ ಕಂಡುಹಿಡಿದುದೆಂದು ತಿಳಿಯುವ ಕಾರಣವಿಲ್ಲ. ಋಗ್ವೇದವು ಬರಹವಿಲ್ಲದೆ ಬಾಯಿಂದ ಬಾಯಿಗೆ ಬಂದುದು. ಆದರೆ ಅದನ್ನು ಒಂದೇ ಪ್ರವಾಹವಾಗಿ ಬಿಡಲಿಲ್ಲ. ಹತ್ತು ಮಂಡಲಗಳು, 1028 ಸೂಕ್ತಗಳು ಎಂದು ಒಂದು ವಿಭಾಗ; ಎಂಟು ಅಷ್ಟಕಗಳು, 64 ಅಧ್ಯಾಯಗಳು, ವರ್ಗಗಳು ಎಂದು ಮತ್ತೊಂದು. ಶಾಕಲ್ಯನು ಸಂಧಿಯನ್ನು ಬಿಡಿಸಿ ಪದಪಾಠವನ್ನು ಮಾಡಿದನು. ಕಾತ್ಯಾಯನನ ಸರ್ವಾನುಕ್ರಮಣಿಯು ಯಾವ ಸೂಕ್ತಕ್ಕೆ ಯಾವ ಋಷಿ, ಯಾವ ದೇವತೆ, ಯಾವ ಛಂದಸ್ಸು ಎಂದು ಸೂಚಿಸಿತು. ಕಾಣದ ಗ್ರಂಥದಲ್ಲಿ ಬೇಕಾದ ಸ್ಥಳಕ್ಕೆ ಹೋಗಿ ನಿಲ್ಲಬೇಕಾದರೆ ಇಂಥ ಮೈಲಿಗಲ್ಲುಗಳು ಬೇಕೆಂಬುದನ್ನು ಅವರು ಅರಿತಿದ್ದರು.

ಈಗ ನಾವು ಸಿದ್ಧಪಡಿಸುವ ಕಡತಗಳನ್ನು ನೋಡಬೇಕು. ಶೀರ್ಷಿಕೆಯನ್ನು ಶೀರ್ಷಿಕೆಯೆಂದು ಗುರುತಿಸದೆ ಅಕ್ಷರವನ್ನು ದಪ್ಪಗೆ ಮಾಡಿ ಬಿಡುವರು. ಕಣ್ಣಿಗೆ ಅದು ತಲೆಬರಹ, ಯಂತ್ರಕ್ಕೆ ಮತ್ತೊಂದು ಸಾಲು. ಚಿತ್ರಕ್ಕೆ ವಿವರಣೆ ಬರೆಯದಿದ್ದರೆ ‘ಚಿತ್ರ’ವೆಂದಷ್ಟೇ ಹೇಳಿ ಧ್ವನಿಯು ಮುಂದಕ್ಕೆ ಹೋಗುವುದು. ಕಾಗದದ ಛಾಯಾಚಿತ್ರವನ್ನೇ ಕಡತವೆಂದು ಕಳುಹಿಸಿದರಂತೂ ಪುಟವೆಲ್ಲ ಮೌನ. ಕನ್ನಡಕ್ಕೆ ವಿಶೇಷವಾದ ಇನ್ನೊಂದು ತೊಡಕುಂಟು. ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳು ಕನ್ನಡಿಗರಿಗೆ ಮಾಡಿದ ಉಪಕಾರವು ಅಲ್ಪವಲ್ಲ; ಆದರೆ ಅವುಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಕನ್ನಡವು ವೇಷ ಮಾತ್ರ, ಒಳಗಿರುವುದು ಇಂಗ್ಲಿಷಿನವರ ಸಂಕೇತಗಳು. ನುಡಿಯ ಹಳೆಯ ಲಿಪಿಯಲ್ಲಿ ‘ಕನ್ನಡ’ವೆಂಬ ಪದವು ಇಂಗ್ಲಿಷಿನ ‘ಪಿ’ಯಿಂದ ಮೊದಲಾಗಿ, ನಡುವೆ ಪೌಂಡ್ ನಾಣ್ಯದ ಚಿಹ್ನೆಯನ್ನು ಹೊತ್ತಿರುವುದು. ಧ್ವನಿಯು ಅದನ್ನೇ ಉಚ್ಚರಿಸುವುದು. 1991ರಲ್ಲಿಯೇ ಯೂನಿಕೋಡ್ ಎಂಬ ಸರ್ವಭಾಷಾ ಸಂಕೇತಕ್ರಮದ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಮೇಲೆ ಹೇಳಿದ ತಂತ್ರಾಂಶಗಳೂ ಈಗ ಆ ಕ್ರಮದಲ್ಲಿ ಬರೆಯಬಲ್ಲವು. ಆದರೂ ಅಭ್ಯಾಸಬಲವು ದೊಡ್ಡದು. ನಮ್ಮ ತರುಣನಿಗೆ ಒಂದು ಕಚೇರಿಯಿಂದ ಹಳೆಯ ವಿನ್ಯಾಸದ ಸುತ್ತೋಲೆಯೊಂದು ಬಂದಿತ್ತು. ತನ್ನ ತಾಯ್ನುಡಿಯ ಪತ್ರವು ಅವನ ಕಿವಿಗೆ ಮ್ಲೇಚ್ಛಭಾಷೆಯಾಗಿ ಬಿದ್ದಿತು. ನನ್ನನ್ನು ಕರೆದು ಓದಿಸಿಕೊಂಡನು.

ಓದಿಸಿಕೊಂಡರೆ ಆಯಿತಲ್ಲ, ಹಾನಿಯೇನು ಎಂದು ಕೇಳುವವರಿರುವರು. ಸುತ್ತೋಲೆಯಾದುದರಿಂದ ಹಾನಿಯಿಲ್ಲ. ಅದು ವೈದ್ಯರ ವರದಿಯಾಗಿದ್ದರೆ? ಬ್ಯಾಂಕಿನ ಲೆಕ್ಕವಾಗಿದ್ದರೆ? ಹೆಂಡತಿಯ ಕಾಗದವಾಗಿದ್ದರೆ? ಗೃಹಸ್ಥರಾದ ನಾವು ಇನ್ನೊಬ್ಬರ ಲಕೋಟೆಯನ್ನು ಒಡೆಯುವುದನ್ನು ಅಸಭ್ಯತೆಯೆಂದು ಮಕ್ಕಳಿಗೆ ಹೇಳಿಕೊಡುವೆವು. ಆದರೆ ಕಣ್ಣಿಲ್ಲದವನು ತನ್ನ ಲಕೋಟೆಯನ್ನು ತಾನಾಗಿಯೇ ಪರರ ಕೈಗಿತ್ತು ಒಡೆಸಬೇಕಾಗಿ ಬಂದಾಗ ಅದನ್ನು ಪರೋಪಕಾರವೆಂದು ಕರೆದು ತೃಪ್ತರಾಗುವೆವು. ಓದಿ ಹೇಳುವವನು ಸಜ್ಜನನಾಗಿದ್ದರೂ ಕೇಳುವವನಿಗೆ ಒಂದು ಗುಟ್ಟು ಉಳಿಯದು. ಓದಿ ಹೇಳುವ ದಯೆಗಿಂತ, ಅವನೇ ಓದಿಕೊಳ್ಳುವಂತೆ ಬರೆಯುವ ನ್ಯಾಯವು ಮೇಲು. ದಯೆಯನ್ನು ದಿನದಿನವೂ ಬೇಡಬೇಕಾಗುವುದು.

ಯಂತ್ರದ ಪಕ್ಷಪಾತಿಯಾಗಿ ನಾನು ಮಾತಾಡುತ್ತಿಲ್ಲ. ಕೇಳಿದ ಮಾತ್ರದಿಂದ ಶಕಾರ ಷಕಾರಗಳ ಭೇದವು ನಿಲ್ಲುವುದಿಲ್ಲ. ಕಾಗುಣಿತವು ಶಿಥಿಲವಾಗುವ ಅಪಾಯವುಂಟು. ಅಕ್ಷರಗಳನ್ನು ಒಂದೊಂದಾಗಿ ಹೇಳಿಸಬಹುದಾದರೂ ಪ್ರತಿ ಪದಕ್ಕೂ ಹಾಗೆ ಮಾಡುವ ತಾಳ್ಮೆ ಯಾರಿಗಿದೆ? ಆದುದರಿಂದ ಬ್ರೈಲ್ ಲಿಪಿಯನ್ನು ಹಳೆಯದೆಂದು ಬಿಸುಡುವುದು ಅವಿವೇಕ. ಆರು ಚುಕ್ಕಿಗಳ ಆ ಲಿಪಿಯು 1951ರಲ್ಲಿ ‘ಭಾರತಿ ಬ್ರೈಲ್’ ಎಂಬ ಹೆಸರಿನಿಂದ ನಮ್ಮ ದೇಶಭಾಷೆಗಳಿಗೆಲ್ಲ ಒಂದೇ ಕ್ರಮದಲ್ಲಿ ಒದಗಿತು. ಅಕ್ಷರವನ್ನು ಬೆರಳಿಗೇ ಮುಟ್ಟಿಸುವ ಗುಣವು ಧ್ವನಿಗಿಲ್ಲ. ಆದರೆ ಬ್ರೈಲ್ ಪುಸ್ತಕವು ಗಾತ್ರದಲ್ಲಿ ದೊಡ್ಡದು, ಸಿಕ್ಕುವುದು ವಿರಳ. ಬೆಳಿಗ್ಗೆ ಬಂದ ಪತ್ರಕ್ಕೆ ಮಧ್ಯಾಹ್ನದೊಳಗೆ ಉತ್ತರವೀಯಬೇಕಾದವನಿಗೆ ತೆರೆವಾಚಕವಲ್ಲದೆ ಗತಿಯಿಲ್ಲ.

ಶಾಸನವು ಈ ವಿಷಯದಲ್ಲಿ ಸುಮ್ಮನಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 42ನೆಯ ಪ್ರಕರಣವು ವಿದ್ಯುನ್ಮಾನ ಬರಹಗಳು ಅವರಿಗೆ ನಿಲುಕುವ ರೂಪದಲ್ಲಿರಬೇಕೆಂದಿದೆ. 2012ರಲ್ಲಿ ಕೃತಿಸ್ವಾಮ್ಯದ ಕಾಯಿದೆಯನ್ನು ತಿದ್ದಿ, ಅಂಥವರ ಉಪಯೋಗಕ್ಕಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದಕ್ಕೆ ಅವಕಾಶವಿತ್ತರು. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಈ ಬಗೆಯ ಪ್ರವೇಶವನ್ನು ಸಂವಿಧಾನದ 21ನೆಯ ವಿಧಿಯಲ್ಲಿರುವ ಜೀವನದ ಹಕ್ಕಿಗೇ ಸೇರಿಸಿ ತೀರ್ಪಿತ್ತಿತು. ಆದರೆ ಕಚೇರಿಗಳಿಗೆ ಕಾಯಿದೆಯುಂಟು. ಮದುವೆಯ ಕರೆಯೋಲೆಯನ್ನು ಚಿತ್ರಮಾಡಿ ಕಳುಹಿಸುವ ನಮಗೆ ಯಾವ ಕಾಯಿದೆಯುಂಟು? ದಿನ, ಸ್ಥಳ, ಮುಹೂರ್ತಗಳನ್ನು ಕೆಳಗೆ ಎರಡು ಸಾಲು ಟೈಪು ಮಾಡಿದರೆ ಕರೆದವರ ಗೌರವವು ಕುಂದುವುದಿಲ್ಲ. ಕರೆಸಿಕೊಂಡವನು ಕರೆಯನ್ನು ತಾನೇ ಓದಿಕೊಂಡು ಬರುವನು.

ನಮ್ಮ ಹಳೆಯ ಕನ್ನಡ ಪುಸ್ತಕಗಳು ಸಾವಿರಗಟ್ಟಲೆಯಾಗಿ ಚಿತ್ರರೂಪದಲ್ಲಿಯೇ ಗಣಕದೊಳಗೆ ಸೇರಿವೆ. ಚಿತ್ರದಿಂದ ಅಕ್ಷರವನ್ನು ಬಿಡಿಸುವ ತಂತ್ರಗಳು ಬಂದಿರುವುವಾದರೂ ಒತ್ತಕ್ಷರಗಳಲ್ಲಿಯೂ ಮಾಸಿದ ಮೊಳೆಗಳಲ್ಲಿಯೂ ಅವು ಮುಗ್ಗರಿಸುವುವು. ಕಣ್ಣುಳ್ಳವರು ಕುಳಿತು ಕರಡನ್ನು ತಿದ್ದಲೇಬೇಕು. ಕನ್ನಡ ವಿಕಿಸೋರ್ಸ್ ಎಂಬಲ್ಲಿ ಸ್ವಯಂಸೇವಕರು ಪುಟ ಪುಟವಾಗಿ ಇದನ್ನು ಮಾಡುತ್ತಿರುವರು. ಬಿಡುವುಳ್ಳ ನಿವೃತ್ತ ಉಪಾಧ್ಯಾಯರು ನಮ್ಮ ಪ್ರಾಂತದಲ್ಲಿ ಕಡಿಮೆಯಿಲ್ಲ. ದಿನಕ್ಕೆ ಎರಡು ಪುಟ ತಿದ್ದಲು ಕೆಂಪು ಶಾಯಿಯೂ ಬೇಡ.