ರುಚಿ ನೋಡುವವನೂ ಕುಡಿಯುವವನೂ

ಒಂದೇ ಕಾರ್ಯಕ್ಕೆ ಲೋಕವು ಎರಡು ಹೆಸರುಗಳನ್ನು ಇಟ್ಟುಕೊಂಡಿರುವಲ್ಲಿ ವಿಚಾರಕ್ಕೆ ಎಡೆಯಿರುತ್ತದೆ. ಉಳ್ಳವನು ಹಣವನ್ನು ಕೂಡಿಟ್ಟರೆ ಅದು ಮಿತವ್ಯಯ. ಇಲ್ಲದವನು ಕೂಡಿಟ್ಟರೆ ಜಿಪುಣತನ. ದೊಡ್ಡವರ ಮನೆಯ ಮಗು ಎದುರಾಡಿದರೆ ಚುರುಕು. ಬಡವರ ಮಗು ಎದುರಾಡಿದರೆ ಉದ್ಧಟತನ. ಇಂಥ ಹೆಸರುಗಳನ್ನು ದಿನವೂ ಹಂಚುವ ವೃತ್ತಿಯಲ್ಲಿ ಇರುವವರು ನಾವು, ಅಂದರೆ ಪ್ರಾಥಮಿಕ ಶಾಲೆಯ ಶಿಕ್ಷಕರು. ಆದುದರಿಂದ ನಮಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ವಾಚಕರ ಮುಂದಿಟ್ಟು, ಅದರಿಂದ ಹುಟ್ಟಿದ ಪ್ರಶ್ನೆಯನ್ನು ಕೂಡಿ ಪರಿಶೀಲಿಸಲು ಬಯಸುತ್ತೇವೆ.

ನಾವು ನಾಲ್ವರು ಶಿಕ್ಷಕರು ಕಳೆದ ಫೆಬ್ರವರಿಯ ರಜೆಯಲ್ಲಿ ಜತ್ತ ತಾಲೂಕಿನ ನಮ್ಮ ಹಳ್ಳಿಯಿಂದ ನಾಶಿಕಕ್ಕೆ ಹೋಗಿದ್ದೆವು. ಮೊದಲನೆಯ ದಿನ ಪಂಚವಟಿಯನ್ನೂ ತ್ರ್ಯಂಬಕೇಶ್ವರವನ್ನೂ ಕಂಡೆವು. ಮರುದಿನ ಮಾಡಲು ಕೆಲಸವಿರಲಿಲ್ಲ. ಎಂಟು ಜನರನ್ನು ಒಂದು ಸಣ್ಣ ಬಸ್ಸಿನಲ್ಲಿ ಕೂಡಿಸಿಕೊಂಡು ಮೂರು ದ್ರಾಕ್ಷಿತೋಟಗಳನ್ನು ತೋರಿಸಿ, ಅಲ್ಲಿ ತಯಾರಾಗುವ ವೈನಿನ ರುಚಿಯನ್ನೂ ತೋರಿಸಿ, ಸಂಜೆಗೆ ತಿರುಗಿ ತಂದು ಬಿಡುವ ಏರ್ಪಾಡೊಂದು ಅಲ್ಲಿ ಇದೆ. ದ್ರಾಕ್ಷಿಯ ನಾಡಿನವರಾದ ನಾವು ಅದನ್ನು ನೋಡದೆ ಹೋಗುವುದೇಕೆಂದು ಹಣ ಕಟ್ಟಿದೆವು. ಉಳಿದ ನಾಲ್ವರು ಪುಣೆ ಮುಂಬಯಿಗಳ ಕಡೆಯವರು.

ನಮ್ಮ ಸೀಮೆಯಲ್ಲೂ ದ್ರಾಕ್ಷಿಯುಂಟು. ಆದರೆ ಅದು ತಿನ್ನುವ ದ್ರಾಕ್ಷಿ. ಬಹುಪಾಲು ನೆರಳಿನ ಶೆಡ್ಡುಗಳಲ್ಲಿ ಹದಿನೈದು ದಿನ ಒಣಗಿ ಬೇದಾಣಾ ಆಗಿ ತಾಸಗಾಂವದ ಪೇಟೆಗೆ ಹೋಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಎಂಬ ಲೆಕ್ಕವನ್ನು ನಮ್ಮ ಹಳ್ಳಿಯ ಮಕ್ಕಳೂ ಬಲ್ಲರು. ನಾಶಿಕದಲ್ಲಿ ಕಂಡುದು ಬೇರೆ ಕುಲದ ಬಳ್ಳಿ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನಲು ಕೊಂಡರೆ ಯಾರೂ ಮೆಚ್ಚರು. ಶೆನಿನ್ ಬ್ಲಾಂ, ಸೋವಿನ್ಯೋನ್ ಬ್ಲಾಂ, ಶಿರಾಜ್, ಕ್ಯಾಬರ್ನೆ ಎಂಬ ಪರದೇಶದ ಹೆಸರುಗಳು. ಆದರೆ ಏಪ್ರಿಲಿಗೊಮ್ಮೆ ಅಕ್ಟೋಬರಿಗೊಮ್ಮೆ, ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರುವ ಚಾಟಣಿಯ ಕ್ರಮ ಮಾತ್ರ ನಮ್ಮಲ್ಲಿಯಂತೆಯೇ. ಈ ಪ್ರದೇಶದಲ್ಲಿ ವೈನಿನ ಉದ್ಯಮಕ್ಕೆ ದೊಡ್ಡ ಮೊದಲಾದುದು ರಾಜೀವ ಸಾಮಂತರು 1999 ರಲ್ಲಿ ಸ್ಥಾಪಿಸಿದ ಸುಲಾ ಎಂಬ ಸಂಸ್ಥೆಯಿಂದ; ತಾಯಿ ಸುಲಭಾ ಅವರ ಹೆಸರನ್ನೇ ಅವರು ಅದಕ್ಕೆ ಇಟ್ಟರು. 2001 ರಲ್ಲಿ ಮಹಾರಾಷ್ಟ್ರ ಸರಕಾರವು ದ್ರಾಕ್ಷಿಯ ಸಂಸ್ಕರಣೆಗಾಗಿ ಒಂದು ನೀತಿಯನ್ನೇ ರೂಪಿಸಿತು. ಆಮೇಲೆ ಗಂಗಾಪುರ ಜಲಾಶಯದ ಸುತ್ತಲೂ ದಿಂಡೋರಿಯ ಕಡೆಗೂ ಇಂಥ ತೋಟಗಳು ಬೆಳೆದವು.

ತೋಟದ ಯುವಕನೊಬ್ಬನು ನಮಗೆ ಎಲ್ಲವನ್ನೂ ವಿವರಿಸಿದನು. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಕಪ್ಪು ದ್ರಾಕ್ಷಿಯ ರಸವೂ ಮೂಲತಃ ಬಣ್ಣವಿಲ್ಲದ್ದೇ, ಸಿಪ್ಪೆಯೊಡನೆ ಹುದುಗಿದಾಗ ಮಾತ್ರ ಕೆಂಪು ಬರುತ್ತದೆ. ಬಿಳಿಯ ವೈನನ್ನು ಉಕ್ಕಿನ ಟಾಕಿಯಲ್ಲಿ ತಂಪಿನಲ್ಲಿಟ್ಟು ಹುದುಗಿಸುತ್ತಾರೆ, ಕೆಂಪಿನ ಕೆಲವನ್ನು ಓಕ್ ಮರದ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಬಳಿಕ ರುಚಿ ನೋಡುವ ವಿಧಿ. ಗ್ಲಾಸನ್ನು ಕಾಲಿನಲ್ಲಿ ಹಿಡಿಯಬೇಕು, ಹೊಟ್ಟೆಯಲ್ಲಿ ಹಿಡಿಯಬಾರದು. ಬೆಳಕಿಗೆ ಹಿಡಿದು ಬಣ್ಣ ನೋಡಬೇಕು. ಮೆಲ್ಲನೆ ತಿರುಗಿಸಿ ವಾಸನೆ ನೋಡಬೇಕು. ಒಂದು ಗುಟುಕನ್ನು ನಾಲಗೆಯ ಮೇಲೆಲ್ಲ ಹೊರಳಿಸಬೇಕು. ಇಷ್ಟವಿದ್ದರೆ ನುಂಗಬೇಕು, ಇಲ್ಲವಾದರೆ ಪಕ್ಕದ ಪಾತ್ರೆಯಲ್ಲಿ ಉಗುಳಬೇಕು. ನಾವು ಒಳ್ಳೆಯ ವಿದ್ಯಾರ್ಥಿಗಳಂತೆ ಹೇಳಿದ್ದನ್ನು ಹೇಳಿದಂತೆ ಮಾಡಿದೆವು. ಒಂದರಲ್ಲಿ ಪೇರಲ ಹಣ್ಣಿನ ವಾಸನೆ, ಇನ್ನೊಂದರಲ್ಲಿ ಮೆಣಸಿನ ಕಾಳಿನ ಘಾಟು ಇದೆಯೆಂದು ಅವನು ಹೇಳಿದ ಮೇಲೆ ನಮಗೂ ಅದು ತಿಳಿಯಿತು. ಸಂತೋಷವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಊರಿಗೆ ಬಂದ ಸೋಮವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಮಕ್ಕಳಿಗೆ ಪ್ರವಾಸದ ಚಿತ್ರಗಳನ್ನು ತೋರಿಸುತ್ತಿದ್ದೆವು. ಪೀಪಾಯಿಗಳ ಚಿತ್ರವನ್ನು ನೋಡಿ ನಾಲ್ಕನೆಯ ಇಯತ್ತೆಯ ಬಾಲಕನೊಬ್ಬನು ಅದರೊಳಗೆ ಏನಿದೆಯೆಂದು ಕೇಳಿದನು. ದ್ರಾಕ್ಷಿಯಿಂದ ಮಾಡಿದ ವೈನು ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುಗಳ್ರೀ, ನೀವೂ ಕುಡದ್ರೇನ್ರೀ?" ಎಂದನು. ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ನಮ್ಮಲ್ಲೊಬ್ಬರು, "ಕುಡೀಲಿಲ್ಲೋ, ಬರೇ ರುಚಿ ನೋಡಿದಿವಿ" ಎಂದರು. ಉಳಿದ ಮೂವರು ತಲೆದೂಗಿದೆವು.

ಈ ಬಾಲಕನ ತಂದೆಯು ಬೇದಾಣಾ ಶೆಡ್ಡಿನಲ್ಲಿ ಕೂಲಿ ಮಾಡುವವನು. ಕೂಲಿಯ ಒಂದು ಪಾಲು ಸೆರೆಯ ಅಂಗಡಿಗೆ ಹೋಗುತ್ತದೆ. ಕಳೆದ ಜೂನಿನಲ್ಲಿ ಮಗನಿಗೆ ಪಾಟಿಚೀಲ ಇಲ್ಲದ ಕಾರಣಕ್ಕಾಗಿ ಅವನನ್ನು ಶಾಲೆಗೆ ಕರೆಸಿ, ಇದೇ ನಾಲ್ವರು, ನಾಲ್ಕು ಜನರ ಮುಂದೆ ಅವನನ್ನು ಕುಡುಕನೆಂದು ಕರೆದಿದ್ದೆವು. ಮಗನು ಬಾಗಿಲ ಬಳಿಯಲ್ಲೇ ನಿಂತಿದ್ದನು.

ಹಾಗಾದರೆ ನಾವು ಬಾಲಕನಿಗೆ ಹೇಳಿದುದು ಸತ್ಯವೋ ಸುಳ್ಳೋ? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಮ್ಮ ಪಕ್ಷದಲ್ಲಿ ಹೇಳಬಹುದಾದ ಮಾತುಗಳನ್ನು ಒಂದೊಂದಾಗಿ ತೂಗಿ ನೋಡಿದೆವು.

ನಾವು ಕುಡಿದುದು ಸ್ವಲ್ಪ ಎಂಬುದು ಮೊದಲನೆಯ ಮಾತು. ಲೆಕ್ಕ ಕಲಿಸುವವರು ಲೆಕ್ಕಕ್ಕೆ ಹೆದರಬಾರದು. ಒಂದು ಸಲಕ್ಕೆ ಸುಮಾರು 30 ಮಿಲಿಲೀಟರು ಹಾಕುತ್ತಿದ್ದರು. ತೋಟಕ್ಕೆ ಐದು ಬಗೆ, ಮೂರು ತೋಟ. ಒಟ್ಟು 450 ಮಿಲಿಲೀಟರು. ವೈನಿನಲ್ಲಿ ನೂರಕ್ಕೆ 13 ರಷ್ಟು ಮದ್ಯಸಾರವೆಂದು ಹಿಡಿದರೆ ಶುದ್ಧ ಮದ್ಯಸಾರ 58 ಮಿಲಿಲೀಟರಿನಷ್ಟಾಯಿತು. ಅಂಗಡಿಯ ವಿಸ್ಕಿಯ ಒಂದು ಕ್ವಾರ್ಟರ್ ಬಾಟಲಿಯಲ್ಲಿ 180 ಮಿಲಿಲೀಟರು. ಅದರ ಪ್ರಮಾಣ ನೂರಕ್ಕೆ 42.8, ಶುದ್ಧ ಮದ್ಯಸಾರ 77 ಮಿಲಿಲೀಟರು. ಎಂದರೆ ಎಲ್ಲವನ್ನೂ ನುಂಗಿದವನು ಆ ದಿನ ಮುಕ್ಕಾಲು ಕ್ವಾರ್ಟರ್ ಕುಡಿದಂತಾಯಿತು. ಸಣ್ಣ ಗ್ಲಾಸೂ ನಡುನಡುವಿನ ಹರಟೆಯೂ ಈ ಮೊತ್ತವನ್ನು ನಮ್ಮ ಕಣ್ಣಿಗೆ ಬೀಳದಂತೆ ಮಾಡಿದ್ದವು.

ಕಾನೂನು ಒಪ್ಪಿದೆ ಎಂಬುದು ಎರಡನೆಯ ಮಾತು. ಕಾನೂನಿನ ಸ್ಥಿತಿಯನ್ನು ನೋಡಿರಿ. 1950 ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 47 ನೆಯ ಅನುಚ್ಛೇದವು ಪಾನನಿಷೇಧಕ್ಕಾಗಿ ಪ್ರಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. 1949 ರ ಮುಂಬಯಿ ಪಾನನಿಷೇಧ ಕಾಯಿದೆಯು ಪರವಾನಗಿಯ ವ್ಯವಸ್ಥೆಯೊಡನೆ ಮಹಾರಾಷ್ಟ್ರದಲ್ಲಿ ಈಗಲೂ ನಿಂತಿದೆ. ಅದೇ ರಾಜ್ಯದ ಮಂತ್ರಿಮಂಡಲವು 2022 ರ ಜನವರಿಯಲ್ಲಿ ದೊಡ್ಡ ದಿನಸಿ ಅಂಗಡಿಗಳಲ್ಲಿ ವೈನು ಮಾರಬಹುದೆಂದು ನಿರ್ಣಯಿಸಿ, ಇದು ದ್ರಾಕ್ಷಿ ಬೆಳೆಗಾರರಿಗೆ ನೆರವು ಎಂದಿತು; ಅಣ್ಣಾ ಹಜಾರೆಯವರು ಉಪವಾಸದ ಎಚ್ಚರಿಕೆ ಕೊಟ್ಟರು. ಶಿಕ್ಷೆ ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ ಎಂಬುದನ್ನು ಕಾನೂನು ಹೇಳೀತು; ಒಳ್ಳೆಯದು ಯಾವುದೆಂಬುದಕ್ಕೆ ಅದರ ಬಳಿ ಹೋಗಿ ಫಲವಿಲ್ಲ. ಅದೂ ಅಲ್ಲದೆ, ಬಾಲಕನ ತಂದೆಯು ಹೋಗುವ ಅಂಗಡಿಯೂ ಸರಕಾರದ ಪರವಾನಗಿ ಪಡೆದ ಅಂಗಡಿಯೇ.

ನಾವು ತಿಳಿಯಲೆಂದು ಕುಡಿದೆವು, ಮತ್ತರಾಗಲೆಂದು ಅಲ್ಲ ಎಂಬುದು ಮೂರನೆಯ ಮಾತು. ಇದರಲ್ಲಿ ಸತ್ಯಾಂಶವಿದೆ. ಗ್ರೀಸಿನ ತತ್ತ್ವಜ್ಞಾನಿ ಅರಿಸ್ಟಾಟಲನು ಸಂಯಮವನ್ನು ಕುರಿತು ಬರೆಯುವಾಗ ಈ ವಿಷಯವನ್ನೇ ಎತ್ತಿದ್ದಾನೆ. ರುಚಿಗಳನ್ನು ಬೇರ್ಪಡಿಸಿ ತಿಳಿಯುವುದು ವೈನಿನ ಪರೀಕ್ಷಕರ ಮತ್ತು ಅಡಿಗೆಯವರ ಕೆಲಸ. ಭೋಗಲಂಪಟನಿಗೆ ಬೇಕಾದುದು ಈ ವಿವೇಚನೆಯಲ್ಲ, ಗಂಟಲಿನೊಳಗೆ ಇಳಿಯುವ ಸ್ಪರ್ಶಸುಖ ಎಂಬುದು ಅವನ ಅಭಿಪ್ರಾಯ. ತನ್ನ ಕೊರಳು ಕೊಕ್ಕರೆಯ ಕೊರಳಿಗಿಂತ ಉದ್ದವಾಗಲಿ ಎಂದು ಬೇಡಿಕೊಂಡ ಹೊಟ್ಟೆಬಾಕನೊಬ್ಬನನ್ನು ಅವನು ದೃಷ್ಟಾಂತವಾಗಿ ಹೇಳುತ್ತಾನೆ. ಅವನ ಗುರು ಪ್ಲೇಟೋ ತನ್ನ 'ನಿಯಮಗಳು' ಎಂಬ ಗ್ರಂಥದಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ಭಯದ ಎದುರಿನಲ್ಲಿ ಧೈರ್ಯದ ಪರೀಕ್ಷೆಯಾಗುವಂತೆ ಸುಖದ ಎದುರಿನಲ್ಲಿ ಸಂಯಮದ ಪರೀಕ್ಷೆಯಾಗಬೇಕು. ಆದುದರಿಂದ ಕುಡಿಯದ ಒಬ್ಬ ಅಧ್ಯಕ್ಷನ ಕಣ್ಣೆದುರಿನಲ್ಲಿ ನಡೆಯುವ ಪಾನಗೋಷ್ಠಿಯೂ ಒಂದು ಶಿಕ್ಷಣವಾಗಬಲ್ಲದು. ಹದಿನೆಂಟು ತುಂಬದವರಿಗೆ ಮಾತ್ರ ತೊಟ್ಟೂ ಕೂಡದು ಎನ್ನುತ್ತಾನೆ.

ಈ ಅಳತೆಗೋಲಿನಿಂದ ನಮ್ಮನ್ನೇ ಅಳೆದುಕೊಂಡೆವು. ಮೊದಲನೆಯ ತೋಟದಲ್ಲಿ ನಾಲ್ವರೂ ಪರೀಕ್ಷಕರಾಗಿದ್ದೆವು. ಉಗುಳುವ ಪಾತ್ರೆಯನ್ನು ಸಂಕೋಚಪಡುತ್ತಲೇ ಬಳಸಿದೆವು. ಎರಡನೆಯದರಲ್ಲಿ ಪಾತ್ರೆಯ ಬಳಿಗೆ ಹೋದವರು ಒಬ್ಬರೇ. ಮೂರನೆಯದರಲ್ಲಿ ಆ ಪಾತ್ರೆ ಎಲ್ಲಿತ್ತೆಂಬುದು ಯಾರಿಗೂ ನೆನಪಿಲ್ಲ. ಪೇರಲದ ವಾಸನೆಯನ್ನು ಯಾರೂ ಕೇಳಲಿಲ್ಲ. ಇನ್ನೊಂದು ಸ್ವಲ್ಪ ಹಾಕೆಂದು ಆ ಯುವಕನಿಗೆ ಹೇಳಿದವರು ನಾವೇ. ಬೆಳಿಗ್ಗೆ ಪರೀಕ್ಷಕರಾಗಿ ಹೊರಟವರು ಸಂಜೆಗೆ ಕೊಕ್ಕರೆಯ ಕೊರಳನ್ನು ಬೇಡಿದವರಾಗಿದ್ದೆವು. ಗ್ಲಾಸು ಬದಲಾಗಿರಲಿಲ್ಲ, ಒಳಗಿನ ದ್ರವವೂ ಬದಲಾಗಿರಲಿಲ್ಲ. ಆದುದರಿಂದ ರುಚಿ ನೋಡುವುದಕ್ಕೂ ಕುಡಿಯುವುದಕ್ಕೂ ಭೇದವುಂಟು. ಆದರೆ ಆ ಭೇದವು ಎರಡು ಜಾತಿಯ ಜನರ ನಡುವಿನದಲ್ಲ, ಒಬ್ಬನೇ ಮನುಷ್ಯನ ಬೆಳಗು ಸಂಜೆಗಳ ನಡುವಿನದು.

ಬೌದ್ಧರ ಪಂಚಶೀಲದಲ್ಲಿ ಐದನೆಯದು ಮದ್ಯಪಾನದಿಂದ ದೂರವಿರುವುದು. ಅಲ್ಲಿ ಹೇಳಿರುವ ಕಾರಣವು ಗಮನಾರ್ಹವಾದುದು: ಮದ್ಯವು ಪ್ರಮಾದಕ್ಕೆ ಎಡೆ, ಎಚ್ಚರ ತಪ್ಪುವುದಕ್ಕೆ ಎಡೆ. ಈ ದೃಷ್ಟಿಯಿಂದ ನೋಡಿದರೆ ದೋಷವು ಎಚ್ಚರ ತಪ್ಪಿದುದರಲ್ಲಿದೆ, ಮತ್ತು ಎಚ್ಚರ ತಪ್ಪಿದುದರಿಂದ ಇನ್ನೊಬ್ಬರಿಗೆ ಒದಗಿದ ಕೇಡಿನಲ್ಲಿದೆ. ಬಾಲಕನ ತಂದೆಯ ತಪ್ಪು ಮಗನ ಪಾಟಿಚೀಲದ ಹಣ ಕರಗಿದುದು. ಆ ತಪ್ಪನ್ನು ನಾವು ಹೇಳಬೇಕಾಗಿತ್ತು, ಹೇಳಿದುದು ಸರಿ. ಆದರೆ ನಾವು ಹೇಳಿದುದು ಅದನ್ನಲ್ಲ. ಅವನಿಗೊಂದು ಹೆಸರನ್ನು ಅಂಟಿಸಿದೆವು. ನಮ್ಮ ಮಕ್ಕಳ ಹಣ ಕರಗದಿರುವುದಕ್ಕೆ ಕಾರಣ ನಮ್ಮ ಸಂಯಮವೇ ಎಂದು ಹೇಳುವ ಧೈರ್ಯ ನಮಗಿಲ್ಲ. ತಿಂಗಳು ತಿಂಗಳು ಬರುವ ಪಗಾರವೂ ಕಾರಣವಾಗಿರಬಹುದು.

ಹೆಸರಿನ ಮಹಿಮೆಗೆ ಇನ್ನೊಂದು ನಿದರ್ಶನ. ನಮ್ಮ ಹಿರಿಯರು ನಿಃಶಕ್ತಿಗೆಂದು ದ್ರಾಕ್ಷಾರಿಷ್ಟವನ್ನು ಸೇವಿಸುತ್ತಿದ್ದರು. ದ್ರಾಕ್ಷಿ, ಬೆಲ್ಲ, ಧಾತಕಿಯ ಹೂ ಕೂಡಿಸಿ ಹುದುಗಿಸಿದ ಆ ಔಷಧಿಯಲ್ಲಿಯೂ ಮದ್ಯಸಾರ ತಾನಾಗಿ ಹುಟ್ಟುತ್ತದೆ. ಅಳತೆಯ ಮುಚ್ಚಳವಿದ್ದುದರಿಂದ ಅದು ಔಷಧಿಯಾಗಿ ಉಳಿಯಿತು. ಅಳತೆಯನ್ನು ಬಿಟ್ಟರೆ ಅದರ ಹೆಸರೂ ಉಳಿಯಲಾರದು.

ತೋಟದಲ್ಲಿ ಕಂಡ ಮತ್ತೊಂದು ಸಂಗತಿಯನ್ನು ಹೇಳದಿದ್ದರೆ ಈ ವಿಚಾರವು ಅಪೂರ್ಣವಾಗುತ್ತದೆ. ವೈನಿನ ದ್ರಾಕ್ಷಿಯನ್ನು ಬಿಸಿಲೇರುವ ಮುನ್ನ ತಂಪಿನಲ್ಲಿಯೇ ಕೊಯ್ಯಬೇಕು. ಪೇಠ, ಸುರಗಾಣಾ ಕಡೆಯ ಗುಡ್ಡಗಳಿಂದ ಬಂದ ಆದಿವಾಸಿ ಕೂಲಿಯವರು ನಾವು ಮುಟ್ಟುವ ಹೊತ್ತಿಗೆ ಕೊಯ್ಲು ಮುಗಿಸಿ ನೆರಳಿನಲ್ಲಿ ಕುಳಿತಿದ್ದರು. ಒಬ್ಬ ವೃದ್ಧೆಯನ್ನು, ಅಮ್ಮಾ, ನೀವು ಎಂದಾದರೂ ಇದರ ರುಚಿ ನೋಡಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದೆವು. ಆಕೆ ನಕ್ಕು, ಅದು ಪಾವಣ್ಯಾರಿಗೆ ಎಂದಳು. ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದರು. ಅಗೆದವನೂ ಆ ನೀರನ್ನು ಕುಡಿದನು. ಹಣ್ಣು ಕೊಯ್ದವಳಿಗೆ ಅದರ ರಸದ ಹೆಸರೂ ತಿಳಿಯದಿರುವಾಗ, ಅವಳಿಗಿಂತ ನಮ್ಮ ನಾಲಗೆ ಹೆಚ್ಚು ಸಂಸ್ಕಾರವಂತವೆಂದು ಹೆಮ್ಮೆಪಡಲು ನಮಗೆ ಅಧಿಕಾರವಿದೆಯೆ? ಈ ಸಂಸ್ಕಾರವನ್ನು ನಾವು ಹಣ ಕೊಟ್ಟು ಒಂದು ದಿನಕ್ಕೆ ಕೊಂಡಿದ್ದೆವು, ಅಷ್ಟೆ.

ಇಂಥ ಪ್ರವಾಸಕ್ಕೆ ಯಾರೂ ಹೋಗಬಾರದೆಂದು ನಾವು ಹೇಳುವುದಿಲ್ಲ. ಬಳ್ಳಿಯ ಶಾಸ್ತ್ರವನ್ನು ಅರಿಯುವುದು ವಿದ್ಯೆಯೇ. ನಾಲಗೆಗೆ ಸೂಕ್ಷ್ಮತೆ ಬರುವುದೂ ಒಂದು ಲಾಭವೇ. ಆದರೆ ಹೋಗುವವನು ಮೂರು ಮಾತುಗಳನ್ನು ತನಗೆ ತಾನೇ ಕೇಳಿಕೊಳ್ಳಲಿ. ಉಗುಳುವ ಪಾತ್ರೆ ಎಲ್ಲಿದೆಯೆಂಬುದು ಇನ್ನೂ ನೆನಪಿದೆಯೆ? ನನಗೆ ಕೊಟ್ಟುಕೊಳ್ಳುವ ರಿಯಾಯಿತಿಯನ್ನು ಇನ್ನೊಬ್ಬನಿಗೂ ಕೊಡುತ್ತೇನೆಯೆ? ಈ ದಿನ ಮಾಡಿದ್ದನ್ನು ನಾಲ್ಕನೆಯ ಇಯತ್ತೆಯ ಮಗುವಿನ ಎದುರಿನಲ್ಲಿ ಅದರ ಸ್ವಂತ ಹೆಸರಿನಿಂದ ಹೇಳಬಲ್ಲೆನೆ?

ಈ ಮೂರನೆಯದರಲ್ಲಿ ನಾವು ಸೋತಿದ್ದೆವು. ಆದುದರಿಂದ ಮುಂದಿನ ವಾರ ಬಾಲಕನನ್ನು ಕರೆದು, ನಾವು ಕುಡಿದದ್ದು ನಿಜ, ರುಚಿ ನೋಡುವೆವೆಂದು ಹೋಗಿ ಕುಡಿದೆವು, ಅಂದು ಹೇಳಿದುದು ಪೂರ್ತಿ ಸತ್ಯವಲ್ಲ ಎಂದು ಹೇಳಿದೆವು. ಅವನು, "ಹಂಗಾರ ನಮ್ಮಪ್ಪಗ ಯಾಕ ಬೈದ್ರೀ?" ಎಂದನು. ಪಾಟಿಚೀಲದ ಕಾರಣವನ್ನು ಹೇಳಿದೆವು. ಅದು ಅವನಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ಸಂಜೆ ಶೆಡ್ಡಿನ ಬಳಿಗೆ ಹೋಗಿ ತಂದೆಯನ್ನು ಕಂಡೆವು. ಆ ಹೆಸರಿನಿಂದ ಕರೆದುದು ತಪ್ಪಾಯಿತೆಂದೆವು. ಕುಡಿಯುವುದೇ ಆದರೆ ಮಿತಿಯಲ್ಲಿರಲಿ, ಮಗನ ಖರ್ಚಿನದನ್ನು ಮೊದಲು ತೆಗೆದಿಡು ಎಂದೂ ಹೇಳಿದೆವು. ಅವನು ಬೇದಾಣಾದ ಜಾಳಿಗೆಯ ಮೇಲಿನಿಂದ ಕೈ ತೆಗೆಯದೆಯೇ, "ರೊಕ್ಕ ತಗದಿಡ್ತೀನ್ರಿ. ಆದ್ರ ಗುರುಗೋಳ, ನನಗ ರುಚಿ ಬೇಕಾಗಿಲ್ರಿ, ನಿದ್ದಿ ಬೇಕಾಗೇತಿ" ಎಂದನು.

ಅರಿಸ್ಟಾಟಲನು ವಿವೇಚನೆಯ ಸುಖಕ್ಕಾಗಿ ರುಚಿ ನೋಡುವವನನ್ನು ಹೇಳಿದನು, ಗಂಟಲಿನ ಸುಖಕ್ಕಾಗಿ ಕುಡಿಯುವವನನ್ನು ಹೇಳಿದನು. ಯಾವ ಸುಖವನ್ನೂ ಬಯಸದೆ, ಹತ್ತು ತಾಸು ದುಡಿದ ಮೈನೋವನ್ನು ಮರೆಯಲೆಂದು ಕುಡಿಯುವ ಈ ಮೂರನೆಯವನನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ನಮಗಿನ್ನೂ ಹೊಳೆದಿಲ್ಲ. ಹೊಳೆಯುವವರೆಗೆ ಹಳೆಯ ಹೆಸರನ್ನು ಬಳಸುವುದಿಲ್ಲವೆಂದು ನಾಲ್ವರೂ ನಿಶ್ಚಯಿಸಿದ್ದೇವೆ.