ಕೋಲು ನಮ್ಮ ಕೈಗೆ ಬಂದಾಗ



ಸಂತ ಲೂಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಒಂದು ಘಟನೆಯಿದೆ. ಪ್ರಭು ಯೇಸು ಜೆರುಸಲೇಮಿಗೆ ಹೊರಟಿದ್ದಾರೆ. ದಾರಿಯಲ್ಲಿ ಸಮಾರ್ಯದ ಒಂದು ಹಳ್ಳಿಯವರು ಅವರಿಗೆ ತಂಗಲು ಜಾಗ ಕೊಡುವುದಿಲ್ಲ. ಯಕೋಬ, ಯೊವಾನ್ನರಿಗೆ ಸಿಟ್ಟು ನೆತ್ತಿಗೇರುತ್ತದೆ. ಆಕಾಶದಿಂದ ಬೆಂಕಿ ಕರೆದು ಊರನ್ನೇ ಸುಟ್ಟುಬಿಡೋಣವೇ ಎಂದು ಕೇಳುತ್ತಾರೆ. ಪ್ರಭು ಹಿಂತಿರುಗಿ ಗದರಿಸಿದ್ದು ಬಾಗಿಲು ಮುಚ್ಚಿದ ಹಳ್ಳಿಯವರನ್ನಲ್ಲ, ತಮ್ಮ ಶಿಷ್ಯರನ್ನು. ಆಮೇಲೆ ಅವರೆಲ್ಲರೂ ಬೇರೊಂದು ಹಳ್ಳಿಗೆ ಹೊರಟುಹೋದರು.

ಈ ಗದರಿಕೆಯನ್ನು ಕ್ರೈಸ್ತರು ಎಷ್ಟು ಸುಲಭವಾಗಿ ಮರೆಯುತ್ತಾರೆ ಎಂಬುದನ್ನು ತಿಳಿಯಲು ಇಂಗ್ಲೆಂಡಿನ ಜನರ ಮತ್ತು ಅವರು ಕಡಲಾಚೆ ಕಟ್ಟಿದ ವಸಾಹತುಗಳ ಇತಿಹಾಸವನ್ನು ಒಮ್ಮೆ ನೋಡಬೇಕು.

1534ರಲ್ಲಿ ಎಂಟನೆಯ ಹೆನ್ರಿ ದೊರೆ, ಇಂಗ್ಲೆಂಡಿನ ಧರ್ಮಸಭೆಗೆ ತಾನೇ ಶಿರಸ್ಸು ಎಂದು ಕಾಯಿದೆ ಮಾಡಿಸಿಕೊಂಡ. ಅದನ್ನು ಒಪ್ಪದ ಧರ್ಮಾಧ್ಯಕ್ಷ ಸಂತ ಜಾನ್ ಫಿಶರ್ ಹಾಗೂ ಸಂತ ಥಾಮಸ್ ಮೋರ್ ಅವರ ತಲೆಗಳು 1535ರಲ್ಲಿ ಉರುಳಿದವು. 1553ರಲ್ಲಿ ಕಥೋಲಿಕಳಾದ ಮೇರಿ ರಾಣಿ ಪಟ್ಟಕ್ಕೆ ಬಂದಳು. ಆಕೆಯ ಐದು ವರ್ಷಗಳ ಆಳ್ವಿಕೆಯಲ್ಲಿ ಸುಮಾರು 300 ಮಂದಿ ಪ್ರಾಟೆಸ್ಟೆಂಟರನ್ನು ಜೀವಂತ ಸುಡಲಾಯಿತು. ಇದನ್ನು ಹೇಳುವಾಗ ನಮ್ಮ ನಾಲಿಗೆ ತೊದಲುತ್ತದೆ, ಆದರೂ ಹೇಳಲೇಬೇಕು. ಅಂದು ಬೆಂಕಿಯನ್ನು ಕರೆದವರು ನಮ್ಮವರೇ.

ಮುಂದೆ ಎಲಿಜಬೆತ್ ರಾಣಿಯ ಕಾಲ. 1559ರ ಕಾಯಿದೆಯಂತೆ ಎಲ್ಲರೂ ಪ್ರತಿ ಭಾನುವಾರ ಆಂಗ್ಲಿಕನ್ ಸಭೆಯ ಆರಾಧನೆಗೆ ಹೋಗಬೇಕು. ತಪ್ಪಿದರೆ 12 ಪೆನ್ಸ್ ದಂಡ. 1581ರಲ್ಲಿ ಅದು ತಿಂಗಳಿಗೆ 20 ಪೌಂಡಿಗೆ ಏರಿತು. ಹೊರದೇಶದಲ್ಲಿ ಗುರುದೀಕ್ಷೆ ಪಡೆದು ಬಂದ ಗುರುಗಳಿಗೆ ಆಸರೆ ಕೊಟ್ಟವರಿಗೆ ಮರಣದಂಡನೆ ಕಾದಿತ್ತು. ಯಾರ್ಕ್ ಪಟ್ಟಣದಲ್ಲಿ ಮಾಂಸದ ವ್ಯಾಪಾರಿಯೊಬ್ಬನ ಹೆಂಡತಿ ಮಾರ್ಗರೆಟ್ ಕ್ಲಿದರೋ ತನ್ನ ಮನೆಯಲ್ಲಿ ಗುರುಗಳನ್ನು ಬಚ್ಚಿಟ್ಟು ಬಲಿಪೂಜೆ ನಡೆಸುತ್ತಿದ್ದಳು. ನ್ಯಾಯಾಲಯದಲ್ಲಿ ಆಕೆ ಬಾಯಿ ಬಿಡಲಿಲ್ಲ. ವಿಚಾರಣೆ ನಡೆದರೆ ತನ್ನ ಮಕ್ಕಳೇ ಸಾಕ್ಷಿ ಹೇಳಬೇಕಾಗುತ್ತದೆ ಎಂಬುದು ಆ ತಾಯಿಯ ಸಂಕಟವಾಗಿತ್ತು. 1586ರ ಮಾರ್ಚ್ 25ರಂದು ಮೈಮೇಲೆ ಭಾರ ಹೇರಿ ಆಕೆಯನ್ನು ಕೊಂದರು. 1970ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಆಕೆಯನ್ನು ಸಂತಳೆಂದು ಘೋಷಿಸಿದರು. ಒಂದು ಮಾತು ಮರೆಯಬಾರದು: ಆಕೆಯ ಗಂಡ ಆಂಗ್ಲಿಕನ್ ಸಭೆಯವನಾಗಿಯೇ ಉಳಿದಿದ್ದ. ಹೆಂಡತಿ ಆರಾಧನೆಗೆ ಬಾರದ ತಪ್ಪಿಗೆ ದಂಡ ಕಟ್ಟುತ್ತಿದ್ದವನು ಅವನೇ. ಕಾಯಿದೆ ಸಹಿಸದ ನಂಬಿಕೆಯನ್ನು ಒಬ್ಬ ಗಂಡ ತನ್ನ ಮನೆಯೊಳಗೆ ಸಹಿಸಿದ್ದ.

ಕಷ್ಟಪಟ್ಟವರು ಕಥೋಲಿಕರು ಮಾತ್ರವಲ್ಲ. ರಾಣಿಯ ಸಭೆ ಇನ್ನೂ ಸಾಕಷ್ಟು ಸುಧಾರಿಸಿಲ್ಲ ಎಂದ ಪ್ಯೂರಿಟನ್ನರಿಗೂ, ಅದರಿಂದ ಹೊರಗೆ ನಿಂತ ಭಿನ್ನಮತೀಯರಿಗೂ ಸೆರೆಮನೆಯೇ ಗತಿಯಾಯಿತು. 1593ರಲ್ಲಿ ಹೆನ್ರಿ ಬ್ಯಾರೋ ಮತ್ತು ಜಾನ್ ಗ್ರೀನ್‌ವುಡ್ ಎಂಬ ಭಿನ್ನಮತೀಯರನ್ನು ಗಲ್ಲಿಗೇರಿಸಿದರು. ಅಂಥವರಲ್ಲಿ ಕೆಲವರು ಮೊದಲು ಹಾಲೆಂಡಿಗೆ ಓಡಿಹೋದರು. 1620ರಲ್ಲಿ ಮೇಫ್ಲವರ್ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹತ್ತು ವರ್ಷಗಳ ಬಳಿಕ ಪ್ಯೂರಿಟನ್ನರು ದೊಡ್ಡ ಗುಂಪಾಗಿ ಮ್ಯಾಸಚೂಸೆಟ್ಸ್ ತೀರದಲ್ಲಿ ಇಳಿದು ಬಾಸ್ಟನ್ ಪಟ್ಟಣವನ್ನು ಕಟ್ಟಿದರು.

ಮನಸ್ಸಾಕ್ಷಿಗಾಗಿ ಊರು ಬಿಟ್ಟು ಬಂದವರು ಇನ್ನೊಬ್ಬರ ಮನಸ್ಸಾಕ್ಷಿಯನ್ನು ಗೌರವಿಸಿದರೇ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ ನಮ್ಮ ಹಿರಿಯರು. ಅತ್ತೆಯ ಕೈಯಲ್ಲಿ ಅತ್ತು ಕಣ್ಣೀರು ಹಾಕಿದ ಸೊಸೆಯೇ ನಾಳೆ ತಾನು ಅತ್ತೆಯಾದಾಗ ಅದೇ ಕೋಲನ್ನು ಎತ್ತಿಕೊಳ್ಳುವುದುಂಟು. ಅಲ್ಲಿ ಆದದ್ದೂ ಅದೇ. ನಂಬಿಕೆಯ ವಿಷಯದಲ್ಲಿ ಸರ್ಕಾರ ಬಲವಂತ ಮಾಡಬಾರದು ಎಂದ ರಾಜರ್ ವಿಲಿಯಮ್ಸ್‌ಗೆ 1635ರಲ್ಲಿ ಗಡೀಪಾರಿನ ಶಿಕ್ಷೆಯಾಯಿತು. 1647ರ ಕಾಯಿದೆ, ಗಡೀಪಾರಾದ ಯೇಸುಸಭೆಯ ಗುರು ಮತ್ತೆ ಕಾಲಿಟ್ಟರೆ ಮರಣದಂಡನೆ ಎಂದಿತು. 1659ರಲ್ಲಿ ಕ್ರಿಸ್ತಜಯಂತಿ ಆಚರಿಸುವವರಿಗೂ 5 ಶಿಲಿಂಗ್ ದಂಡ ಬಂತು. 1659ರಿಂದ 1661ರ ನಡುವೆ ನಾಲ್ವರು ಕ್ವೇಕರರನ್ನು ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಅವರಲ್ಲಿ ಮೇರಿ ಡಯರ್ ಎಂಬ ಮಕ್ಕಳೊಂದಿಗಳಾದ ತಾಯಿಯೂ ಇದ್ದಳು.

ಅದೇ ಅಮೆರಿಕದ ಇನ್ನೊಂದು ತೀರದಲ್ಲಿ ಬೇರೊಂದು ಪ್ರಯತ್ನ ನಡೆಯಿತು. ಇಂಗ್ಲೆಂಡಿನ ಕಥೋಲಿಕನಾದ ಬಾಲ್ಟಿಮೋರ್ ಪ್ರಭು ಸೆಸಿಲ್ ಕಾಲ್ವರ್ಟ್ 1632ರಲ್ಲಿ ಮೇರಿಲ್ಯಾಂಡ್ ಎಂಬ ಪ್ರಾಂತ್ಯದ ಸನ್ನದು ಪಡೆದ. 1634ರ ಮಾರ್ಚ್ 25ರಂದು, ಮಾರ್ಗರೆಟ್ ಸತ್ತ ಅದೇ ದಿನಾಂಕದಂದು, ಮಂಗಳವಾರ್ತೆಯ ಹಬ್ಬದಲ್ಲಿ, ಯೇಸುಸಭೆಯ ಗುರು ಆಂಡ್ರ್ಯೂ ವೈಟ್ ಅಲ್ಲಿ ಬಲಿಪೂಜೆ ಅರ್ಪಿಸಿದರು. ಬಂದಿಳಿದವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರೇ. ಅವರ ಮನ ನೋಯದಂತೆ ನಡೆದುಕೊಳ್ಳಬೇಕೆಂದು ಕಾಲ್ವರ್ಟ್ ಮೊದಲೇ ಅಪ್ಪಣೆ ಮಾಡಿದ್ದ. 1649ರಲ್ಲಿ ಅಲ್ಲಿನ ಸಭೆ ಒಂದು ಕಾಯಿದೆ ಮಾಡಿತು: ಯೇಸುಕ್ರಿಸ್ತರನ್ನು ನಂಬುವ ಯಾರನ್ನೂ ಧರ್ಮದ ಹೆಸರಿನಲ್ಲಿ ಪೀಡಿಸಬಾರದು.

ಅದರಲ್ಲಿ ಇನ್ನೊಂದು ವಿಧಿಯಿತ್ತು. ನೆರೆಯವನನ್ನು ಪಾಷಂಡಿ, ಪ್ಯೂರಿಟನ್, ಪೋಪನ ಬಾಲಂಗೋಚಿ ಎಂಬಂಥ ಹೆಸರುಗಳಿಂದ ಹಳಿದರೆ 10 ಶಿಲಿಂಗ್ ದಂಡ. ಅದರಲ್ಲಿ ಅರ್ಧ, ಬೈಸಿಕೊಂಡವನಿಗೇ ಸಲ್ಲಬೇಕು. ಕಟ್ಟಲಾಗದವನು ನೊಂದವನ ಕ್ಷಮೆ ಕೇಳುವವರೆಗೆ ಸೆರೆಯಲ್ಲಿರಬೇಕು. ಸಹೋದರನನ್ನು ಹೀನಾಯವಾಗಿ ಕರೆಯುವುದೂ ಕೊಲೆಯ ದಾರಿಯೇ ಎಂದು ಪ್ರಭು ಬೆಟ್ಟದ ಮೇಲೆ ಬೋಧಿಸಲಿಲ್ಲವೇ?

ಈ ಕಾಯಿದೆ ಪೂರ್ಣವಾಗಿರಲಿಲ್ಲ. ತ್ರಿತ್ವವನ್ನು ಅಲ್ಲಗಳೆದವರಿಗೆ ಅದರಲ್ಲೂ ಮರಣದಂಡನೆ ಇತ್ತು. ಅದು ಬಹುಕಾಲ ಬಾಳಲೂ ಇಲ್ಲ. 1689ರಲ್ಲಿ ಕಾಲ್ವರ್ಟರ ಆಡಳಿತ ಉರುಳಿತು. 1704ರಲ್ಲಿ ಕಥೋಲಿಕರ ಬಹಿರಂಗ ಆರಾಧನೆಗೆ ಬೀಗ ಬಿತ್ತು. 1718ರಲ್ಲಿ ಮತದಾನದ ಹಕ್ಕೂ ಹೋಯಿತು. ಆಗ ಬಲಿಪೂಜೆ ಮನೆಗಳೊಳಗೆ ಸೇರಿತು. ದೇವಾಲಯಕ್ಕೆ ಬೀಗ ಬಿದ್ದರೂ ಅಡುಗೆಮನೆಯ ಜಪಸರಕ್ಕೆ ಯಾರೂ ಬೀಗ ಹಾಕಲಾರರು. ಅಂಥ ಮನೆಗಳ ಮಗನೇ ಜಾನ್ ಕ್ಯಾರಲ್. 1789ರಲ್ಲಿ ಅವರು ಬಾಲ್ಟಿಮೋರಿನ, ಅಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ, ಮೊದಲ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು.

ಪ್ರಿಯರೇ, ಈ ಕಥೆಯಲ್ಲಿ ಎರಡು ಸತ್ಯಗಳಿವೆ. ಬಲವಂತದಿಂದ ನಂಬಿಕೆ ಹುಟ್ಟುವುದಿಲ್ಲ; ಬಲವಂತದಿಂದ ಅದು ಸಾಯುವುದೂ ಇಲ್ಲ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಧಾರ್ಮಿಕ ಸ್ವಾತಂತ್ರ್ಯಕ್ಕೆ ಮಾನವನ ಘನತೆಯೇ ಬುನಾದಿ ಎಂದು ಸಾರಿತು. 1982ರಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಕ್ಯಾಂಟರ್ಬರಿಯ ಮಹಾದೇವಾಲಯದಲ್ಲಿ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ರಾಬರ್ಟ್ ರನ್ಸಿ ಅವರ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು. 2000ದ ಮಾರ್ಚ್ 12ರಂದು, ಸತ್ಯದ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಅಸಹನೆಯ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು.

ಇದು ದೂರದ ದೇಶದ ಕಥೆ ಎನ್ನಬೇಡಿ. ನಮ್ಮೂರಿನ ಸಿ.ಎಸ್.ಐ. ದೇವಾಲಯವನ್ನು ನೋಡಿ. 1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ನರೂ, ಇಂಗ್ಲೆಂಡಿನ ಭಿನ್ನಮತೀಯರ ಪರಂಪರೆಯಿಂದ ಬಂದ ಸಭೆಗಳವರೂ, ಮೆಥಡಿಸ್ಟರೂ ಅಲ್ಲಿ ಒಂದಾದರು. ಹಿಂದೆ ಸೆರೆಗೆ ಹಾಕಿದವರ ಮತ್ತು ಸೆರೆಯಲ್ಲಿದ್ದವರ ಪರಂಪರೆಗಳು ಇಂದು ಒಂದೇ ಬೆಂಚಿನಲ್ಲಿ ಕುಳಿತಿವೆ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ದುಡಿದ ಜಾನ್ ಹ್ಯಾಂಡ್ಸ್ ಅವರನ್ನು ಕಳಿಸಿದ ಲಂಡನ್ ಮಿಷನ್ನಿನಲ್ಲಿ ಆ ಭಿನ್ನಮತೀಯರ ವಾರಸುದಾರರೇ ಹೆಚ್ಚಾಗಿದ್ದರು.

ಈಗ ನಮ್ಮ ಮನೆಗಳಿಗೆ ಬರೋಣ. ಮಗ ಬೇರೆ ಸಭೆಯ ಹುಡುಗಿಯನ್ನು, ಧರ್ಮಾಧ್ಯಕ್ಷರ ಅನುಮತಿ ಪಡೆದು, ನಮ್ಮ ಪೀಠದ ಮುಂದೆಯೇ ಮದುವೆಯಾಗಿ ತಂದಿದ್ದಾನೆ. ಆಕೆ ಓದುವ ಬೈಬಲನ್ನು ನೋಡಿ ನಾವು ಮೂಗು ಮುರಿಯುತ್ತೇವೆಯೇ? ಆಕೆ ಪಡೆದ ಜ್ಞಾನಸ್ನಾನ ಕ್ರಿಸ್ತರದೇ ಎಂಬುದು ನೆನಪಿದೆಯೇ? ಬೇರೆ ಪ್ರಾರ್ಥನಾಕೂಟಕ್ಕೆ ಹೋಗತೊಡಗಿದ ತಮ್ಮನಿಗೆ ಹಬ್ಬದ ಊಟಕ್ಕೆ ಕರೆ ನಿಂತುಹೋಗಿದೆಯೇ? ಒಲ್ಲದ ಮಗನನ್ನು ಬೆತ್ತ ಹಿಡಿದು ಪೂಜೆಗೆ ಅಟ್ಟುವ ಅಪ್ಪ, ತಾನು ಆ ಪೂಜೆಯಿಂದ ಮೃದುವಾಗಿ ಹಿಂತಿರುಗುವುದನ್ನು ಮಗ ಎಂದಾದರೂ ಕಂಡಿದ್ದಾನೆಯೇ ಎಂದು ಕೇಳಿಕೊಳ್ಳಲಿ.

ನಮ್ಮ ನಂಬಿಕೆಯನ್ನು ಸಡಿಲಿಸಬೇಕೆಂದಲ್ಲ. ಸಂತ ಮಾರ್ಗರೆಟ್ ಒಂದು ಎಳೆಯಷ್ಟೂ ಸಡಿಲಿಸಲಿಲ್ಲ. ಸತ್ಯಕ್ಕಾಗಿ ನಾವು ನೋವು ತಿನ್ನಬಹುದು. ಅದಕ್ಕಾಗಿ ಇನ್ನೊಬ್ಬರಿಗೆ ನೋವು ಉಣಿಸುವ ಹಕ್ಕು ನಮಗಿಲ್ಲ. ನಮಗೆ ಪೆಟ್ಟು ಬಿದ್ದಾಗ ನಮ್ಮ ವಿಶ್ವಾಸದ ಬಲ ತಿಳಿಯುತ್ತದೆ. ಕೋಲು ನಮ್ಮ ಕೈಗೆ ಬಂದಾಗ, ಆ ವಿಶ್ವಾಸ ಕ್ರಿಸ್ತರದೋ ಅಲ್ಲವೋ ಎಂಬುದು ತಿಳಿಯುತ್ತದೆ.

ಈ ವಾರ ಪ್ರತಿ ಕುಟುಂಬವೂ ಒಂದು ಕೆಲಸ ಮಾಡಲಿ. ಸಂಜೆಯ ಜಪಸರದಲ್ಲಿ ಒಂದು ರಹಸ್ಯವನ್ನು, ನಮ್ಮಿಂದ ದೂರ ಸರಿದ ಒಬ್ಬ ಬಂಧುವಿನ ಹೆಸರು ಹೇಳಿ ಒಪ್ಪಿಸಲಿ. ಭಾನುವಾರ ಆ ಬಂಧುವನ್ನು ಊಟಕ್ಕೆ ಕರೆಯಲಿ. ಊಟದ ಹೊತ್ತಿನಲ್ಲಿ ವಾದ ಬೇಡ. ಬಾಗಿಲು ಮುಚ್ಚಿದ ಹಳ್ಳಿಯ ಮೇಲೂ ಕೋಪಿಸಿಕೊಳ್ಳದ ಪ್ರಭು ಆ ಊಟದಲ್ಲಿ ನಮ್ಮ ಜೊತೆಗಿರಲಿ. ಆಮೆನ್.